ಬೆಳ್ಳಿ ದೀಪದ ತೂಕ

ನಮ್ಮ ಮನೆಯಲ್ಲಿ ದಿನಾ ಉರಿಯುವುದು ಹಿತ್ತಾಳೆ ದೀಪ. ಅಜ್ಜಿ ತವರಿನಿಂದ ತಂದ ಬೆಳ್ಳಿಯ ಜೋಡಿ ದೀಪ ಬೀರುವಿನಲ್ಲಿ ಹಳೇ ಸೀರೆಯ ತುಂಡು ಸುತ್ತಿಕೊಂಡು ಮಲಗಿರುತ್ತದೆ. ಅದಕ್ಕೆ ಎಚ್ಚರವಾಗುವುದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ.

ಬಟ್ಟೆ ಬಿಚ್ಚಿದರೆ ಬೆಳ್ಳಿ ಎಲ್ಲಿದೆ? ಇದ್ದಿಲಿನ ಬಣ್ಣ. ಗಾಳಿಯಲ್ಲಿರುವ ಚೂರುಪಾರು ಗಂಧಕ ತಾಗಿದರೂ ಸಾಕು, ಬೆಳ್ಳಿ ಕಪ್ಪಾಗುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ ಅನ್ನುವುದು ಅಮ್ಮನ ಲೆಕ್ಕ. ಉಜ್ಜುತ್ತಾ ಹೋದಂತೆ ಬುಡದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಾಣುತ್ತದೆ. ಅಜ್ಜಿಯ ಹೆಸರಲ್ಲ, ಅವರಪ್ಪನದು. ದೀಪ ಯಾರ ಮನೆಯಲ್ಲಾದರೂ ಉರಿಯಲಿ, ಕೊಟ್ಟವರು ಯಾರೆಂದು ಮರೆಯಬಾರದು ಅಲ್ವಾ? ಮುಂದಿನ 'ಶ್ರೀ' ಮಾತ್ರ ಉಜ್ಜಿ ಉಜ್ಜಿ ಸವೆದಿದೆ.

ಅರಿಶಿನ ಕುಂಕುಮಕ್ಕೆ ಬಂದವರ ಕಣ್ಣು ಮೊದಲು ದೇವಿಯ ಮೇಲೆ, ಆಮೇಲೆ ದೀಪದ ಮೇಲೆ. ಪಕ್ಕದ ಮನೆಯ ಅತ್ತೆಗೆ ನೋಡಿದರೆ ಸಾಲದು. ಹಬ್ಬ ಮುಗಿದ ಮರುದಿನ ಬಂದು, ಒಂದನ್ನು ಕೈಯಲ್ಲಿ ಎತ್ತಿ, "ಎಷ್ಟು ತೂಕ? ಒಳಗೆ ಅರಗು ತುಂಬಿದ್ದಾರೋ ಏನೋ" ಅನ್ನಬೇಕು. ಅವರ ಅನುಮಾನ ತಪ್ಪಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 18ನೇ ಶತಮಾನದ ಕೊನೆಯ ಹೊತ್ತಿಗೇ ತೆಳು ಬೆಳ್ಳಿ ತಗಡನ್ನು ಅಚ್ಚಿಗೆ ಒತ್ತಿ, ಒಳಗೆ ರಾಳ ತುಂಬಿ, ಮೇಣದಬತ್ತಿಯ ಕಂಬಗಳನ್ನು ಮಾಡುತ್ತಿದ್ದರು. ಊಟದ ಮೇಜಿನ ಮೇಲೆ ದೊರೆಮನೆಯ ಠೀವಿ, ಕರಗಿಸಿದರೆ ಬೆಳ್ಳಿ ಒಂದಿಷ್ಟೇ. ಇನ್ನು ನಾವು ಮದುವೆ ಮನೆಗಳಲ್ಲಿ ಹಂಚುವ ಜರ್ಮನ್ ಸಿಲ್ವರ್: ತಾಮ್ರ, ನಿಕಲ್, ಸತುವು. ಸಿಲ್ವರ್ ಇರುವುದು ಹೆಸರಿನಲ್ಲಿ ಮಾತ್ರ!

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಹಬ್ಬಕ್ಕೆ ಬೆಳ್ಳಿ ದೀಪ ಹೊರಗೆ ಬರಲಿಲ್ಲ. ಅಕ್ಕನ ಕಾಲೇಜು ಫೀಸಿಗೆಂದು ಗಿರವಿ ಅಂಗಡಿ ಸೇರಿತ್ತು. ಕಲಶದ ಎರಡೂ ಪಕ್ಕ ಹಿತ್ತಾಳೆ ದೀಪ ಇಟ್ಟು, "ಈ ಸಲ ತೊಳೆಯೋಕೆ ಪುರುಸೊತ್ತೇ ಆಗ್ಲಿಲ್ಲ" ಎಂದು ಬಂದವರಿಗೆಲ್ಲ ಅಜ್ಜಿ ಕೇಳದೆಯೇ ಹೇಳಿದರು. ಅತ್ತೆ ದೀಪಗಳನ್ನು ನೋಡಿದರು. "ಹಿತ್ತಾಳೇನೇ ಲಕ್ಷಣ ಬಿಡಿ, ಎಷ್ಟು ಚೆನ್ನಾಗಿ ಹೊಳೀತಿದೆ" ಅಂದು ಕುಂಕುಮ ಇಟ್ಟುಕೊಂಡು ಹೋದರು. ಅವರ ಮನೆಯ ಬೆಳ್ಳಿ ಚೊಂಬೂ ಆ ವರ್ಷ ಕಾಣಲಿಲ್ಲ. ಅಜ್ಜಿಯೂ ಕೇಳಲಿಲ್ಲ.

ಮುಂದಿನ ಶ್ರಾವಣಕ್ಕೆ ದೀಪ ವಾಪಸ್ ಬಂದಿತ್ತು. ಹಬ್ಬದ ಮರುದಿನ ಅತ್ತೆಯೂ ಬಂದರು. ಒಂದನ್ನು ಎತ್ತಿ, "ಎಷ್ಟು ತೂಕ ಇದು?" ಅಂದರು.