ಏರ್‌ಬ್ಯಾಗ್ ಲೈಟ್: ಬ್ಯಾಟರಿ ಬಿಚ್ಚಿದರೆ ಸರಿ ಹೋಗಲ್ಲ

"ಏರ್‌ಬ್ಯಾಗ್ ಲೈಟ್ ಬಂದರೆ ಹತ್ತು ನಿಮಿಷ ಬ್ಯಾಟರಿ ವೈರ್ ಬಿಚ್ಚಿಡಿ, ಆಗಲೂ ಆರದಿದ್ದರೆ ಕಂಟ್ರೋಲ್ ಯೂನಿಟ್ ಹೋಗಿದೆ ಅಂತ ಅರ್ಥ" ಅನ್ನೋ ಮೆಸೇಜ್ ಓಡಾಡ್ತಿದೆ. ಎರಡೂ ಮಾತು ತಪ್ಪು.

ಸಾಮಾನ್ಯವಾಗಿ ಈ ಯೂನಿಟ್‌ನಲ್ಲಿ, ಅಂದರೆ ಏರ್‌ಬ್ಯಾಗ್ ನಿಯಂತ್ರಿಸೋ ಕಂಪ್ಯೂಟರ್‌ನಲ್ಲಿ, ಫಾಲ್ಟ್ ಕೋಡ್ (ಎಲ್ಲಿ ದೋಷ ಇದೆ ಅಂತ ಹೇಳೋ ಸಂಕೇತ) ಉಳಿಯೋದು ಕರೆಂಟ್ ಹೋದರೂ ಅಳಿಸದ ಮೆಮೊರಿಯಲ್ಲಿ, ಹಾಗಾಗಿ ಬ್ಯಾಟರಿ ಬಿಚ್ಚಿದರೆ ಹೋಗೋದು ರೇಡಿಯೋ ಥರದ ಸೆಟ್ಟಿಂಗ್, ಫಾಲ್ಟ್ ಕೋಡ್ ಅಲ್ಲ! ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆ) ಕೋಡ್ ಓದಬಲ್ಲ ಸ್ಕ್ಯಾನರ್ ಹಾಕಿ. ಇಂಜಿನ್ ಕೋಡ್ ಮಾತ್ರ ಓದುವ ಅಗ್ಗದ್ದು ಸಾಲದು.

ಎಷ್ಟೋ ಸಲ ದೋಷ ಯೂನಿಟ್‌ನದ್ದೇ ಅಲ್ಲ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ನೋಡಿ, ಸೀಟು ಹಿಂದೆ ಮುಂದೆ ಎಳೆದಾಗ ಅದು ಸಡಿಲ ಆಗುತ್ತೆ. ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ತಿರುಗಿದರೂ ಏರ್‌ಬ್ಯಾಗ್, ಹಾರ್ನ್‌ಗೆ ಸಂಪರ್ಕ ಕೊಡೋ ಸುರುಳಿ ವೈರ್) ತುಂಡಾದರೂ ಲೈಟ್ ಬರುತ್ತೆ, ಆಗ ಹಾರ್ನ್ ಕೂಡ ಕೈ ಕೊಡಬಹುದು. ಬ್ಯಾಟರಿ ವೋಲ್ಟೇಜ್ ಕಮ್ಮಿ ಇದ್ದರೂ ಅಷ್ಟೇ. ಯೂನಿಟ್ ಬದಲಿಸೋದು ಇವೆಲ್ಲ ನೋಡಿದ ಮೇಲೆ, ಅಥವಾ ಕೋಡ್ ನೇರವಾಗಿ ಒಳಗಿನ ದೋಷ ಅಂತ ಹೇಳಿದಾಗ. ಅಪಘಾತದಲ್ಲಿ ಬ್ಯಾಗ್ ಬಿಚ್ಚಿಕೊಂಡಿದ್ದರೆ ಯೂನಿಟ್ ಆ ದಾಖಲೆ ಹಿಡಿದಿಟ್ಟುಕೊಂಡಿರುತ್ತೆ, ಅದು ಬೇರೆ ಕಥೆ.

ಇನ್ನೊಂದು. ಏರ್‌ಬ್ಯಾಗ್‌ಗೆ ಮಲ್ಟಿಮೀಟರ್ ಇಟ್ಟು ಓಮ್ (ರೆಸಿಸ್ಟೆನ್ಸ್) ನೋಡಬೇಡಿ. ಮೀಟರ್‌ನ ಸಣ್ಣ ಕರೆಂಟ್‌ಗೂ ಅದು ಸಿಡಿಯುವ ಅಪಾಯ ಇದೆ. ಕನೆಕ್ಟರ್ ಮುಟ್ಟೋ ಮುಂಚೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಿರಿ, ಯೂನಿಟ್ ಒಳಗೆ ಕರೆಂಟ್ ಹಿಡಿದಿಡೋ ಕೆಪಾಸಿಟರ್ ಖಾಲಿ ಆಗಬೇಕಲ್ವಾ. ಬ್ಯಾಟರಿ ಬಿಚ್ಚೋದು ಇದಕ್ಕೇ, ಲೈಟ್ ಆರಿಸೋಕಲ್ಲ.