ಬೇಸಿಗೆ ಅಂತ ಟೈರಿನ ಗಾಳಿ ಬಿಡಬೇಡಿ, ಸಿಲಿಂಡರ್ ಮಲಗಿಸಬೇಡಿ

ಮಾರ್ಚ್ ಕಾಲಿಟ್ಟರೆ ಸಾಕು, ಭಟ್ಕಳದಿಂದ ಕಾರವಾರದವರೆಗೆ ಗಾಳಿ ಹೊಡೆಯುವಲ್ಲೆಲ್ಲ ಒಂದೇ ಮಾತು: "ಬಿಸಿಲು ಜೋರುಂಟು, ಒಳಗಿನ ಗಾಳಿ ಹಿಗ್ತದೆ, ಐದು ಪಾಯಿಂಟ್ ಕಮ್ಮಿನೇ ಇರ್ಲಿ." ಹೇಳಿದವರಿಗೂ ಕೇಳಿದವರಿಗೂ ಅದು ಮುನ್ನೆಚ್ಚರಿಕೆ ಅನಿಸುತ್ತದೆ. ಆದರೆ ಟೈರ್ ಒಡೆಯಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ.

ಈ ತಪ್ಪಿನ ಬೇರು ಲೆಕ್ಕದಲ್ಲಿದೆ. 30 ಡಿಗ್ರಿ ಇದ್ದದ್ದು 60 ಆದರೆ ಬಿಸಿ ದುಪ್ಪಟ್ಟಾಯಿತು, ಒತ್ತಡವೂ ಅದೇ ಪ್ರಮಾಣದಲ್ಲಿ ಏರೀತು ಅಂತ ಮನಸ್ಸು ಹೇಳುತ್ತದೆ. ಅನಿಲದ ಲೆಕ್ಕ ಶುರುವಾಗುವುದು ಮಂಜುಗಡ್ಡೆಯ ಸೊನ್ನೆಯಿಂದಲ್ಲ, ಮೈನಸ್ 273ರಿಂದ. ಹಾಗೆ ಎಣಿಸಿದರೆ 30 ಅಂದರೆ 303, 60 ಅಂದರೆ 333. ಏರಿದ್ದು ನೂರಕ್ಕೆ ಹತ್ತು ಮಾತ್ರ. ಇನ್ನೊಂದು ವಿಷಯ, ಗೇಜಿನ ಮುಳ್ಳು ಹೊರಗಿನ ಗಾಳಿಯ ಒತ್ತಡದ ಮೇಲೆ ಎಷ್ಟಿದೆಯೋ ಅಷ್ಟನ್ನೇ ತೋರಿಸುತ್ತದೆ. ಮುಳ್ಳು 33ರಲ್ಲಿದ್ದರೆ ಟೈರಿನೊಳಗೆ ನಿಜಕ್ಕೂ ಇರುವುದು ಹೊರಗಿನ 14.7 ಸೇರಿ 47.7 ಪಿಎಸ್‌ಐ (ಒತ್ತಡದ ಅಳತೆ, ಗಾಳಿ ಹೊಡೆಯುವವರ 'ಪಾಯಿಂಟ್' ಅಂದರೆ ಇದೇ). ಅದಕ್ಕೆ ಆ ನೂರಕ್ಕೆ ಸುಮಾರು ಹತ್ತು ಸೇರಿದರೆ 52.4, ಮುಳ್ಳಿನಲ್ಲಿ 37.7. ಕಾರಿನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೇಲೆ 33 ಅಂತ ಬರೆದವರು ಈ ಐದು ಪಾಯಿಂಟಿನ ಏರಿಕೆಯನ್ನು ಮೊದಲೇ ಎಣಿಸಿಕೊಂಡೇ ಬರೆದಿದ್ದಾರೆ. ಅದು ತಣ್ಣಗಿದ್ದಾಗಿನ ಅಳತೆ.

ಈಗ 28ಕ್ಕೆ ಇಳಿಸಿದಿರಿ ಅನ್ನಿ. ಟೈರಿನ ಪಕ್ಕೆಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದ ರಬ್ಬರು ಒಳಗಿನಿಂದಲೇ ಕಾಯುತ್ತದೆ. ಬಿಸಿಲಿನ ಡಾಂಬರು ಕೊಡುವ ಬಿಸಿ ಹೊರಗಿನದು, ಇದು ಮಜ್ಜೆಯ ಜ್ವರ. ಟೈರಿನೊಳಗಿನ ದಾರಗಳಿಗೂ ರಬ್ಬರಿಗೂ ಇರುವ ಅಂಟು ಸಡಿಲಾಗುತ್ತದೆ. ಅದರ ಮೇಲೆ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಮೂಟೆ ಅಡಕೆ ಹೇರಿಕೊಂಡು ದೇವಿಮನೆ ಘಟ್ಟ ಇಳಿದರೆ ಬ್ರೇಕಿನ ಬಿಸಿಯೂ ರಿಮ್ ಮೂಲಕ ಅದೇ ಟೈರಿಗೆ ಬರುತ್ತದೆ. ಟೈರ್ ಸಿಡಿದ ಮೇಲೆ "ನೋಡಿ, ಗಾಳಿ ಜಾಸ್ತಿಯಾಯ್ತು" ಅನ್ನುತ್ತಾರೆ. ಆಗಿದ್ದು ಕಮ್ಮಿ.

ಹಾಗಾಗಿ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಹೆಚ್ಚೆಂದರೆ ಎರಡು ಮೂರು ಕಿಲೋಮೀಟರ್ ಒಳಗೆ ಗಾಳಿ ನೋಡಿಸಿ. ಕುಮಟಾದಿಂದ ಓಡಿಸಿಕೊಂಡು ಬಂದು ಶಿರಸಿಯಲ್ಲಿ ನೋಡಿದರೆ ಮುಳ್ಳು ಮೇಲೆಯೇ ಇರುತ್ತದೆ. ಅದನ್ನು ಬಿಡಿಸಿ "ಸರಿ" ಮಾಡಿಸಬೇಡಿ. ಓಡಿದ ಬಿಸಿಯ ಜೊತೆ ಅಲ್ಲಿ ಎತ್ತರದ್ದೂ ಒಂದು ಪಾಲಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಹೊರಗಿನ ಗಾಳಿಯ ಒತ್ತಡ ಕರಾವಳಿಗಿಂತ ಒಂದು ಪಿಎಸ್‌ಐ ಆಸುಪಾಸು ಕಡಿಮೆ. ಒಳಗಿನ ಗಾಳಿ ಒಂದು ಚೂರೂ ಬದಲಾಗದಿದ್ದರೂ ಮುಳ್ಳು ಒಂದು ಪಾಯಿಂಟ್ ಏರುತ್ತದೆ. ಹೊನ್ನಾವರದಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಘಟ್ಟ ಹತ್ತಿದ ಮೇಲೆ ಉಬ್ಬಿಕೊಳ್ಳುವುದೂ ಇದಕ್ಕೇ, ಅದು ಹಾಳಾಗಿ ಅಲ್ಲ.

ಟೈರಿಗೆ ಗಾಳಿಯ ಬದಲು ನೈಟ್ರೋಜನ್ ತುಂಬಿಸುವ ವಿಷಯ ಕೇಳುತ್ತೀರೆಂದು ಗೊತ್ತು. "ನೈಟ್ರೋಜನ್ ಹಿಗ್ಗುವುದಿಲ್ಲ" ಅನ್ನುವುದು ಶುದ್ಧ ವ್ಯಾಪಾರದ ಮಾತು. ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಮೇಲಿನ ಲೆಕ್ಕ ಎರಡಕ್ಕೂ ಒಂದೇ. ನಿಜವಾದ ವ್ಯತ್ಯಾಸ ನೀರಿನದು. ನಮ್ಮ ಕರಾವಳಿಯ ಮಳೆಗಾಲದ ಗಾಳಿಯನ್ನು ಕಂಪ್ರೆಸರ್ ಹಿಂಡಿದಾಗ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ತಳದ ಕಾಕ್ ತಿರುಗಿಸಿ ದಿನಾ ಅದನ್ನು ಹರಿಸದಿದ್ದರೆ ಆ ನೀರು ಗಾಳಿಯ ಜೊತೆ ಟೈರಿಗೆ ಹೋಗುತ್ತದೆ. ಒಳಗೆ ನೀರಿದ್ದರೆ ಅದರ ಆವಿಯ ಒತ್ತಡ 30 ಡಿಗ್ರಿಯಲ್ಲಿ 0.6 ಪಿಎಸ್‌ಐ, 60 ಡಿಗ್ರಿಯಲ್ಲಿ 2.9. ಅಂದರೆ ಬರೀ ನೀರಿನಿಂದಲೇ ಎರಡು ಪಾಯಿಂಟಿಗೂ ಹೆಚ್ಚು ಏರಿಕೆ, ಜೊತೆಗೆ ರಿಮ್ಮಿಗೆ ತುಕ್ಕು. ನೈಟ್ರೋಜನ್ನಿಗೆ ದುಡ್ಡು ಕೊಡುವ ಬದಲು ಕಂಪ್ರೆಸರಿನ ನೀರು ತೆಗೆಯುವ ಅಂಗಡಿ ಹುಡುಕಿ.

ಅಡುಗೆ ಗ್ಯಾಸಿಗೆ ಬಂದರೆ ಲೆಕ್ಕವೇ ಬೇರೆ. ಸಿಲಿಂಡರಿನಲ್ಲಿ ನಾವು ಹೊತ್ತು ತರುವುದು ಹೆಚ್ಚೂಕಡಿಮೆ ದ್ರವವನ್ನೇ. 14.2 ಕಿಲೋದ ಸಿಲಿಂಡರಿನ ಒಳಗೆ 33.3 ಲೀಟರ್ ಜಾಗ, ಅದರಲ್ಲಿ ದ್ರವ ಸುಮಾರು 26 ಲೀಟರ್, ಮೇಲೆ ಅದರ ಆವಿ. ದ್ರವದ ಕೊನೆಯ ಲೋಟ ಉಳಿದಿರುವವರೆಗೂ ಒತ್ತಡವನ್ನು ತೀರ್ಮಾನಿಸುವುದು ಬಿಸಿ, ಎಷ್ಟು ಉಳಿದಿದೆ ಅನ್ನುವುದಲ್ಲ. ಆದ್ದರಿಂದ ಉರಿ ಸಣ್ಣದಾದ ಕೂಡಲೇ "ಗ್ಯಾಸ್ ತೀರ್ತಾ ಬಂತು" ಅನ್ನಬೇಡಿ, ಮೊದಲು ಬರ್ನರಿನ ತೂತು, ಗ್ಯಾಸ್ ಚಿಮ್ಮುವ ಜೆಟ್ ನೋಡಿ. ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ತೂಗಿ, ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕ ಕಳೆಯಿರಿ. ತಕ್ಕಡಿ ಇಲ್ಲವಾದರೆ ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒಂದು ಪಟ್ಟೆ ಒರೆಸಿ. ಮೇಲಿನ ಭಾಗ ಬೇಗ ಆರುತ್ತದೆ, ದ್ರವ ಇರುವಷ್ಟು ಎತ್ತರ ಹಸಿಯಾಗಿಯೇ ಉಳಿಯುತ್ತದೆ.

ಕೊನೆಯ ಎರಡು ದಿನ ಸಿಲಿಂಡರ್ ಮಲಗಿಸಿ ಉರಿಸುವವರು ಇನ್ನೂ ಇದ್ದಾರೆ. ಮಲಗಿಸಿದರೆ ರೆಗ್ಯುಲೇಟರಿಗೆ ಆವಿಯ ಬದಲು ದ್ರವ ನುಗ್ಗಬಹುದು. ಒಂದು ಲೀಟರ್ ದ್ರವ ಹೊರಬಂದರೆ 250 ಲೀಟರಿನಷ್ಟು ಗ್ಯಾಸ್. ಒಲೆಯ ಉರಿ ಒಮ್ಮೆಲೇ ಹುಬ್ಬು ಸುಡುವಷ್ಟು ಏಳುವುದು ಹೀಗೆ.

ಇನ್ನು ಮದುವೆ, ಉಪನಯನದ ಅಡುಗೆ ಚಪ್ಪರ. ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರಿನ ಹೊಟ್ಟೆ ತುಂಬ ಇಬ್ಬನಿ, ಕೆಲವೊಮ್ಮೆ ಬಿಳಿ ಹಿಮ. "ಗ್ಯಾಸ್ ಗಟ್ಟಿಯಾಯ್ತು" ಅಂತ ಒಬ್ಬರು ಕುದಿನೀರು ತಂದು ಸುರಿಯುತ್ತಾರೆ. ಗಟ್ಟಿಯಾದದ್ದು ಹೊರಗಿನ ಗಾಳಿಯ ತೇವ. ದ್ರವ ಆವಿಯಾಗಲು ಬೇಕಾದ ಬಿಸಿಯನ್ನು ತನ್ನಿಂದಲೇ ಎಳೆದುಕೊಳ್ಳುತ್ತದೆ, ಉರಿ ದೊಡ್ಡದಾದಷ್ಟೂ ತಂಪು ಹೆಚ್ಚು, ತಂಪಾದಷ್ಟೂ ಒತ್ತಡ ಕುಸಿತ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಇದು ಇನ್ನೂ ಬೇಗ. ಪರಿಹಾರ, ಎರಡು ಸಿಲಿಂಡರನ್ನು ಸರಿಯಾದ ಮ್ಯಾನಿಫೋಲ್ಡಿನಿಂದ (ಎರಡರ ಗ್ಯಾಸನ್ನೂ ಒಂದೇ ಕೊಳವೆಗೆ ಸೇರಿಸುವ ಜೋಡಣೆ) ಜೋಡಿಸಿ ಹೊರೆ ಹಂಚುವುದು. ಕುದಿನೀರು, ಕೆಂಡ ಯಾವುದೂ ಹತ್ತಿರ ಬರಬಾರದು.

ನಿಜಕ್ಕೂ ಹೆದರಬೇಕಾದ ಹಿಗ್ಗುವಿಕೆ ಇಲ್ಲಿದೆ. ಈ ದ್ರವ ಒಂದು ಡಿಗ್ರಿಗೆ ನೂರಕ್ಕೆ ಕಾಲು ಪಾಲಿನಷ್ಟು ಹಿಗ್ಗುತ್ತದೆ. 30ರಿಂದ 50ಕ್ಕೆ ಏರಿದರೆ 26 ಲೀಟರ್ ಇದ್ದದ್ದು 27.3, ಇನ್ನೂ ಆರು ಲೀಟರ್ ಜಾಗ ಬಾಕಿ. ಕಂಪನಿಯವರು ಜಾಗ ಬಿಟ್ಟಿದ್ದು ಮೋಸಕ್ಕಲ್ಲ. ತೂಕ ನೋಡದೆ ಪೈಪ್ ಹಚ್ಚಿ ಕಂಠಮಟ್ಟ ತುಂಬಿಸಿಕೊಟ್ಟ ಪುಟ್ಟ ಸಿಲಿಂಡರಿನಲ್ಲಿ ಆ ಜಾಗ ಇರುವುದಿಲ್ಲ. ಆವಿಯಾದರೆ ಹಿಂಡಿಸಿಕೊಳ್ಳುತ್ತದೆ, ದ್ರವ ಹಿಂಡಿಸಿಕೊಳ್ಳುವುದಿಲ್ಲ. ಬಿಸಿಲಿನಲ್ಲಿ ಕೆಲವೇ ಡಿಗ್ರಿ ಏರಿದರೂ ಉಕ್ಕು ಸೀಳಬಲ್ಲದು.

ಪೆಟ್ರೋಲ್ ಬೆಳಿಗ್ಗೆ ಹಾಕಿಸಿದರೆ ಲಾಭ ಅನ್ನುವವರಿಗೆ ಎರಡೇ ಸಾಲು. ಒಂದು ಡಿಗ್ರಿಗೆ ಅದು ಹಿಗ್ಗುವುದು ಸಾವಿರಕ್ಕೆ ಒಂದು ಪಾಲು, ನೆಲದಡಿಯ ಟ್ಯಾಂಕ್ ಹಗಲು ರಾತ್ರಿ ಒಂದು ಡಿಗ್ರಿಯೂ ಅಲುಗುವುದು ಕಷ್ಟ; ಐದು ಲೀಟರಿಗೆ ಐದು ಎಂಎಲ್. ಅದರ ಆಸೆಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಕೊನೆಗೆ ಲೋಹದ ತೂತು. ಬಳೆಯನ್ನು ಕಾಯಿಸಿದರೆ ಲೋಹ ಒಳಗೂ ಹಿಗ್ಗಿ ತೂತು ಕಿರಿದಾಗುತ್ತದೆ ಅಂತ ವಿಜ್ಞಾನ ಓದಿದವರೂ ವಾದಿಸುತ್ತಾರೆ. ತೂತೂ ಲೋಹದಷ್ಟೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ, ಫೋಟೋ ಹಿಗ್ಗಿಸಿದ ಹಾಗೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರನಿಗೆ ಇದು ಯಾವತ್ತಿನಿಂದಲೂ ಗೊತ್ತು: 1.2 ಮೀಟರ್ ಅಡ್ಡಳತೆಯ ಪಟ್ಟಿಯನ್ನು 500 ಡಿಗ್ರಿ ಕಾಯಿಸಿದರೆ ಅಡ್ಡಳತೆ ಏಳು ಮಿಲಿಮೀಟರ್ ಬೆಳೆಯುತ್ತದೆ, ಕೂರಿಸಿ ನೀರು ಹೊಯ್ದರೆ ಮರವನ್ನು ಕಚ್ಚಿ ಹಿಡಿಯುತ್ತದೆ.

ಉಪ್ಪಿನಕಾಯಿ ಬಾಟಲಿಯ ಬಿಗಿ ಮುಚ್ಚಳಕ್ಕೂ ಅದೇ ನ್ಯಾಯ. ಆದರೆ ಇಡೀ ಬಾಟಲಿಯನ್ನು ಬಿಸಿನೀರಿಗೆ ಅದ್ದಿದರೆ ಗಾಜೂ ಹಿಗ್ಗಿ ಲಾಭದ ಬಹುಪಾಲು ಹೋಗುತ್ತದೆ, ದಪ್ಪ ಗಾಜಾದರೆ ಬಿರುಕೂ ಬಿಡಬಹುದು. ಬಿಸಿನೀರು ಮುಚ್ಚಳದ ಮೇಲೆ ಮಾತ್ರ, ಅರ್ಧ ನಿಮಿಷ. ತೆರೆಯುವ ಮೊದಲು ಅಂಚನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಪ್ಪೆಮಿಡಿಗೆ ಒಂದು ಹನಿ ನೀರು ತಾಗಿದರೂ ಬೂಸ್ಟು.