ಅಲಾಸ್ಕಾದ ಇಂಜಿನ್‌ಗೆ ನಮ್ಮ ಕಡೆಯ ಬಣ್ಣ ಬಳಿದರೆ ತಪ್ಪೇನು?

ಮಾದರಿ ರೈಲು ಸಂಗ್ರಹಿಸುವವರು ಬೈತಾರೆ ಅಂತ ಗೊತ್ತಿದ್ದೇ ಬರೀತಿದ್ದೇನೆ. ನನ್ನ ಹತ್ತಿರ ಮಾದರಿ ರೈಲು ಮಾಡುವ ಜರ್ಮನಿಯ ಎಲ್‌ಜಿಬಿಯವರ ಒಂದು ಡೀಸೆಲ್ ಇಂಜಿನ್ ಇದೆ, ಅಲಾಸ್ಕಾದ 'ವೈಟ್ ಪಾಸ್' ಅನ್ನೋ ನ್ಯಾರೋ ಗೇಜ್ ರೈಲುದಾರಿಯದ್ದು. ಹಳದಿ-ಹಸಿರು ಬಣ್ಣ, ಅರ್ಧ ಮೀಟರಿಗಿಂತ ಉದ್ದ. ಅದಕ್ಕೆ ನಮ್ಮ ಹಳೇ ಮೀಟರ್ ಗೇಜ್ ಇಂಜಿನ್‌ನ ಬಣ್ಣ ಹೊಡೆಯೋಣ ಅಂತಿದ್ದೇನೆ. "ಬೇಡ ಸಾರ್, ಪೆಟ್ಟಿಗೆ ಸಮೇತ ಹಾಗೇ ಇಡಿ, ಇಲ್ಲಾಂದ್ರೆ ಬೆಲೆ ಹೋಗುತ್ತೆ" ಅನ್ನೋದು ಎಲ್ಲರ ಬುದ್ಧಿವಾದ. ಮುಚ್ಚಿಡೋಕೆ ಅದೇನು ಮದುವೆ ಸೀರೆನಾ?

ಅಸಲಿ ಇಂಜಿನ್ ಏನು ಕಮ್ಮಿಯದಲ್ಲ. ಕೆನಡಾದ ಕ್ಲೋಂಡೈಕ್‌ನಲ್ಲಿ ಸಿಕ್ಕ ಚಿನ್ನಕ್ಕೆ ಜನ ಮುಗಿಬಿದ್ದ ಕಾಲದಲ್ಲಿ, 1898ರಲ್ಲಿ, ಅಲಾಸ್ಕಾದ ಸ್ಕ್ಯಾಗ್ವೇಯಿಂದ ಕೆನಡಾದ ವೈಟ್‌ಹಾರ್ಸ್‌ಗೆ ಹಳಿ ಹಾಕಲು ಶುರು ಮಾಡಿದರು. 1900ಕ್ಕೆ ಮುಗಿಯಿತು. ಹಳಿಯ ಅಗಲ ಮೂರೇ ಅಡಿ. ಏರು ಎಷ್ಟು ಗೊತ್ತಾ? ಕೆಲವು ಕಡೆ 26 ಅಡಿಗೆ ಒಂದು ಅಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಾಟಿ ಕೂಡ 50ಕ್ಕೆ ಒಂದೇ ಅಡಿ. 1969ರಲ್ಲಿ ಆ ದಾರಿಗೆ ಅಮೆರಿಕದ ಇಂಜಿನ್ ಕಂಪನಿ ಆಲ್ಕೋ ವಿನ್ಯಾಸದ ಡಿಎಲ್535ಇ ಇಂಜಿನ್‌ಗಳು ಬಂದವು. ಒಟ್ಟು ಏಳು. ಬಂದ ವರ್ಷವೇ ಶೆಡ್ಡಿಗೆ ಬೆಂಕಿ ಬಿದ್ದು ಎರಡು ಸುಟ್ಟುಹೋದವು. ಉಳಿದ ಐದನ್ನು 1992ರಲ್ಲಿ ಕೊಲಂಬಿಯಾಕ್ಕೆ ಮಾರಿದರು. 1999ರಲ್ಲಿ ಐದೂ ಅಲಾಸ್ಕಾಕ್ಕೇ ವಾಪಸ್!

ಈಗ ವಿಷಯಕ್ಕೆ ಬರ್ತೀನಿ. ಇದೇ ಡಿಎಲ್535 ವಂಶದ 'ಎ' ಮಾದರಿಯೇ ನಮ್ಮ ಮೀಟರ್ ಗೇಜ್ ಡೀಸೆಲ್ ಇಂಜಿನ್ ವೈಡಿಎಂ-4. ಮೊದಮೊದಲು ಅಮೆರಿಕದಿಂದ ಬರುತ್ತಿತ್ತು. 1968ರಿಂದ ವಾರಾಣಸಿಯಲ್ಲೇ ತಯಾರಾಯಿತು. ಮೈಸೂರು, ಅರಸೀಕೆರೆ, ಹುಬ್ಬಳ್ಳಿ ಕಡೆ ಮೀಟರ್ ಗೇಜ್ ರೈಲು ಹತ್ತಿದವರು ಅದರ ಸದ್ದು ಮರೆತಿರಲ್ಲ. ಒಳಗಿನ ಯಂತ್ರ ಅದೇ, ಆಲ್ಕೋ 251, ಆರು ಸಿಲಿಂಡರ್. ಅಲಾಸ್ಕಾದ್ದು ನಮ್ಮದಕ್ಕೆ ದಾಯಾದಿ ಅಲ್ವಾ?

ನನಗೆ ಮಜಾ ಅನ್ನಿಸಿದ್ದು ಲೆಕ್ಕ ಹಾಕಿದಾಗ. ಎಲ್‌ಜಿಬಿ ಹಳಿಯ ಅಗಲ 45 ಮಿಲಿಮೀಟರ್, ಅಳತೆ 22.5ಕ್ಕೆ ಒಂದು, ಅಂದರೆ ಅಸಲಿಯ 22.5 ಮಿಲಿಮೀಟರ್ ಮಾದರಿಯಲ್ಲಿ ಒಂದು. ಅಲಾಸ್ಕಾದ ಮೂರಡಿ, ಅಂದರೆ 914 ಮಿಲಿಮೀಟರನ್ನು ಈ ಅಳತೆಗೆ ಇಳಿಸಿದರೆ ಸಿಗೋದು 40.6. ಅಂದರೆ ಮಾದರಿಯ ಹಳಿ ನಾಲ್ಕು ಮಿಲಿಮೀಟರ್‌ಗೂ ಜಾಸ್ತಿ ಅಗಲ. ಅದೇ ನಮ್ಮ ಮೀಟರ್ ಗೇಜ್‌ನ ಸಾವಿರ ಮಿಲಿಮೀಟರನ್ನು ಇಳಿಸಿ ನೋಡಿ: 44.4! ಮೂಲ ಮೂಲ ಅಂತ ಹಟ ಹಿಡಿಯುವವರು ಇದಕ್ಕೇನು ಹೇಳ್ತಾರೋ. ಈ ಹಳಿ ಅಲಾಸ್ಕಾದ ಇಂಜಿನ್‌ಗಿಂತ ಹಾಸನ-ಮಂಗಳೂರು ದಾರಿಯಲ್ಲಿ ಓಡಿದ ಇಂಜಿನ್‌ಗೇ ಚೆನ್ನಾಗಿ ಹೊಂದುತ್ತೆ.

ಬಣ್ಣ ಬಳಿದ ಮಾತ್ರಕ್ಕೆ ವೈಡಿಎಂ-4 ಆಗಲ್ಲ ಬಿಡಿ. ಕ್ಯಾಬಿನ್ ಬೇರೆ, ಮೂತಿ ಬೇರೆ. ಸ್ವಲ್ಪ ಪ್ಲಾಸ್ಟಿಕ್ ಕೊಯ್ಯಬೇಕು. ಕೊಯ್ದರೆ ಬೆಲೆ ಇನ್ನೂ ಬೀಳುತ್ತೆ. ಬೀಳಲಿ. ವೈಡಿಎಂ-4 ಮಾದರಿಯನ್ನೇ ಕೊಳ್ಳೋಣ ಅಂದರೆ ನಾನು ಕೇಳಿದ ಯಾವ ಅಂಗಡಿಯಲ್ಲೂ ಇಲ್ಲ. ಇನ್ನೇನು ಮಾಡೋದು?

ನಿಮ್ಮ ಮನೆ ಆಲ್ಬಮ್‌ನಲ್ಲಿ ಮೀಟರ್ ಗೇಜ್ ಕಾಲದ ಇಂಜಿನ್ ಫೋಟೋ ಇದ್ದರೆ ಕಾಮೆಂಟಿನಲ್ಲಿ ಹಾಕಿ. ಪಕ್ಕದಿಂದ ತೆಗೆದದ್ದು ಬೇಕು, ಕಲರ್ ಆದರೆ ಇನ್ನೂ ಒಳ್ಳೇದು.